ಎರಡು ಪಾವು

“ಪಾವು ಎಂದರೆ ಕಾಲು ಕೆ.ಜಿ.” ಎಂದು ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಇಂದಿಗೂ ಕಡಲೆಪುರಿಯ ವಾಸನೆ ಬಂದರೆ ನಾನು ಚಿಕ್ಕವಳಿದ್ದಾಗಿನ ಶಿವಾಜಿನಗರದ ಆ ಮಧ್ಯಾಹ್ನ ಎದುರು ನಿಲ್ಲುತ್ತದೆ.

ಅಜ್ಜಿ ಹೇಳಿದಂತೆ ಒಂದು ಪಾವು ಪುರಿ ಕೇಳಿದೆ; ಅಂಗಡಿಯ ಚಾಚಾ ಕಾಲು ಕೆ.ಜಿ. ತೂಗಿ ದೊಡ್ಡ ಚೀಲವನ್ನೇ ಕೊಟ್ಟರು. ಒಂದೇ ಪಾವು ಕೇಳಿದೆನೆಂದರೂ ಅಜ್ಜಿ ನಂಬಲಿಲ್ಲ. “ಮೂಟೆ ಹೊತ್ಕೊಂಡ್ ಬಂದಿದ್ದೀಯಲ್ಲೇ, ಸುಳ್ಳುಬುರುಕಿ!” ಅಳುತ್ತಾ ಅಂಗಡಿಗೆ ಮರಳಿದೆ.

ಚಾಚಾ ಅಕ್ಕಿ ಅಳೆಯುವ ಪಾವಿನ ಡಬ್ಬಿಯಲ್ಲಿ ಒಮ್ಮೆ ಅಕ್ಕಿ, ಒಮ್ಮೆ ಪುರಿ ತುಂಬಿ ತಕ್ಕಡಿಯ ಎರಡು ತಟ್ಟೆಗಳಿಗೆ ಸುರಿದರು. ಅಕ್ಕಿಯ ತಟ್ಟೆ ಧಡಕ್ಕನೆ ಇಳಿಯಿತು.

“ಅರೆ ಬೇಟಿ, ನಿಮ್ಮಜ್ಜಿ ಪಾವು ಜಾಗ ಅಳೀತದೆ, ನಮ್ ಪಾವ್ ತೂಕ ಅಳೀತದೆ!”

ಅನಂತರ ನಾನು ಓದಿದ ಯಾವ ಪುಸ್ತಕವೂ ಇಷ್ಟು ಸ್ಪಷ್ಟವಾಗಿ ಹೇಳಲಿಲ್ಲ. ಅಜ್ಜಿಗೆಂದು ಅಂದು ಚಾಚಾ ಬರೆದುಕೊಟ್ಟ ಚೀಟಿ ನನ್ನ ಮರ್ಫಿ ಟೌನ್ ಮನೆಯಲ್ಲಿದೆ, ಯಾರು ಬೇಕಾದರೂ ಬಂದು ಓದಬಹುದು: “ಅಮ್ಮಾ, ಮಗು ಸುಳ್ಳು ಹೇಳಿಲ್ಲ.”