ಸ್ಪ್ಯಾನಿಷಿನಲ್ಲಿ ದಯವಿಟ್ಟು

"ರಿಂಗಾಗ್ತಿದೆ, ಹಿಡ್ಕೊಳ್ಳಿ ಅತ್ತಿಗೆ," ಎಂದು ನಾದಿನಿ ರಿಸೀವರನ್ನು ದರ್ಜಿ ಹೆಂಗಸಿನ ಕೈಗೆ ತುರುಕಿದಳು. ಹೋಟೆಲಿನ ಕೌಂಟರಿನ ಹಿಂದೆ, ಅತಿಥಿಗಳ ಪೆಟ್ಟಿಗೆಗಳನ್ನು ಇಡುವ ಕಿರುಕೋಣೆ ಅದು. ಕೂರಲು ಕುರ್ಚಿಯಿರಲಿಲ್ಲ, ಇದ್ದಿದ್ದರೂ ಅವಳು ಕೂರುವ ಸ್ಥಿತಿಯಲ್ಲಿರಲಿಲ್ಲ. ಹಡಗಿನಲ್ಲಿ ಅಡುಗೆಯವನಾಗಿದ್ದ ಗಂಡನನ್ನು ಹೊಟ್ಟೆನೋವೆಂದು ಯಾವುದೋ ದೂರದ ಬಂದರಿನ ಆಸ್ಪತ್ರೆಗೆ ಇಳಿಸಿ ಹಡಗು ತನ್ನ ದಾರಿ ಹಿಡಿದು ಎಂಟು ದಿನವಾಗಿತ್ತು. ಆಪರೇಷನ್ ಆಯಿತೋ ಇಲ್ಲವೋ, ಮನುಷ್ಯ ಇದ್ದಾನೋ ಇಲ್ಲವೋ, ಹೇಳುವವರಿಲ್ಲ. ಆ ಆಸ್ಪತ್ರೆಯವರಿಗೋ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದು.

ಹಡಗಿನ ಕಂಪನಿಯ ಆಫೀಸಿಗೆ ನಾಲ್ಕು ಸಲ ಹೋಗಿ ಬಂದಿದ್ದಳು. ಸಾಹೇಬರು ಮೀಟಿಂಗಿನಲ್ಲಿದ್ದಾರೆ. ನಾಳೆ ಬನ್ನಿ. ಇದು ನಮ್ಮ ಸೆಕ್ಷನ್ ಅಲ್ಲ. ತಿಳಿದರೆ ನಾವೇ ಹೇಳ್ತೀವಿ. ಕಲ್ಲಾದರೂ ಕರಗೀತು, ಅಲ್ಲಿಯ ಗುಮಾಸ್ತ ಕರಗಲಿಲ್ಲ. ಕೊನೆಗೆ ನಾದಿನಿಯೇ ಗತಿಯಾದಳು. ಹನ್ನೆರಡು ವರ್ಷ ರಿಸೆಪ್ಷನ್ನಿನಲ್ಲಿ ನಿಂತು, ಬಂದುಹೋಗುವ ಪ್ರವಾಸಿಗಳ ಬಾಯಿಂದ ಹೆಕ್ಕಿಕೊಂಡ ಸ್ಪ್ಯಾನಿಷ್ ಅವಳದು. ಟವೆಲ್ ಬೇಕೆಂದು, ರೂಮಿನ ಕೀ ಕಳೆಯಿತೆಂದು ಅವರು ಎಷ್ಟು ನಯವಾಗಿ ಕೇಳುತ್ತಿದ್ದರೋ ಅಷ್ಟೇ ನಯವಾಗಿ ಅತ್ತಿಗೆಗೂ ಕಲಿಸಿದ್ದಳು.

"'ದಿಸ್ಕುಲ್ಪೆ' ಅಂದ್ರೆ ಕ್ಷಮಿಸಿ. ಆಮೇಲೆ 'ಪೊದ್ರಿಯಾ ಅಯುದಾರ್ಮೆ, ಪೋರ್ ಫವೋರ್?' ದಯವಿಟ್ಟು ನಂಗೊಂದು ಸಹಾಯ ಮಾಡೋಕಾಗುತ್ತಾ, ಅಂತ. ಇನ್ನು ಅವರು ಹೂಂ ಅಂದ್ಮೇಲೆ ಏನ್ ಹೇಳ್ಬೇಕು ಅಂದ್ರೆ..."

"ಹೂಂ ಅನ್ನೋರ ವಿಷಯ ಆಮೇಲೆ ನೋಡ್ಕೊಳ್ಳೋಣ. ಇಲ್ಲ ಅಂದ್ರೆ ಏನ್ ಹೇಳ್ಬೇಕು, ಮೊದ್ಲು ಅದನ್ನ ಹೇಳ್ಕೊಡು."

ಅನುಭವಿಯ ಮಾತು, ನಾದಿನಿ ಎದುರಾಡಲಿಲ್ಲ. ಮೂರು ದಿನ ಹೊಲಿಗೆ ಯಂತ್ರದ ಸದ್ದಿನ ಜೊತೆ ಇದೇ ಜಪ ನಡೆಯಿತು. ಫೋನ್ ಇಡಬೇಡಿ. ನಾನು ಕಾಯುತ್ತೇನೆ. ನಾಳೆ ಮಾಡಲೇ? ಪರವಾಗಿಲ್ಲ, ಉಪಕಾರವಾಯಿತು. ಈ ಗಲಾಟೆಯಲ್ಲಿ ಗಿರಾಕಿಯೊಬ್ಬನ ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ನಾಲ್ಕು ಬೆರಳು ಗಿಡ್ಡವಾಯಿತು.

"ನಾನು ಪಕ್ಕದಲ್ಲೇ ಇರ್ತೀನಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ," ಎಂದು ನಾದಿನಿ ಧೈರ್ಯ ತುಂಬುತ್ತಿದ್ದಂತೆ ಹೊರಗೆ ಕೌಂಟರಿನ ಗಂಟೆ ಒಂದೇ ಸಮನೆ ಬಡಿದುಕೊಂಡಿತು. ಬಸ್ಸು ತುಂಬ ಪ್ರವಾಸಿಗಳು ಬಂದಿಳಿದಿದ್ದರು. "ಎರಡೇ ನಿಮಿಷ, ಬಂದೆ!" ಎಂದು ಅವಳು ಓಡಿದಳು. ಅದೇ ಹೊತ್ತಿಗೆ ಆ ಕಡೆ ಯಾರೋ ಫೋನ್ ಎತ್ತಿದರು. ಹೆಣ್ಣು ದನಿ, ನರ್ಸ್ ಇರಬೇಕು.

ದರ್ಜಿ ಹೆಂಗಸು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದಳು. "ದಿಸ್ಕುಲ್ಪೆ. ಪೊದ್ರಿಯಾ ಅಯುದಾರ್ಮೆ, ಪೋರ್ ಫವೋರ್?" ಒಂದಕ್ಷರ ತಪ್ಪಲಿಲ್ಲ.

"ಸಿ, ಕ್ಲಾರೋ, ಸೆನ್ಯೋರಾ. ದಿಗಾಮೆ."

'ಸಿ' ಎಂದರೆ ಹೌದು. ಅಷ್ಟು ಅವಳಿಗೆ ಗೊತ್ತಿತ್ತು; 'ದಿಗಾಮೆ' ಎಂದರೆ 'ಹೇಳಿ' ಎಂಬುದು ಗೊತ್ತಿರಲಿಲ್ಲ. ಮುಂದೆ 'ಆದರೆ' ಎಂದೇನಾದರೂ ಬರುತ್ತದೆಂದು ಕಾದಳು. ಏನೂ ಬರಲಿಲ್ಲ. ಆ ಕಡೆಯವಳು ಸುಮ್ಮನೆ ಕಾಯುತ್ತಿದ್ದಳು.

"ಎಸ್ಪೆರೋ," ಎಂದಳು. ಕಾಯುತ್ತೇನೆ.

"ನೋ, ನೋ. ದಿಗಾಮೆ, ಸೆನ್ಯೋರಾ."

"ನೋ ಕ್ವೆಲ್ಗೆ, ಪೋರ್ ಫವೋರ್!" ಫೋನ್ ಇಡಬೇಡಿ.

ನರ್ಸ್ ಇಡಲಿಲ್ಲ. ಮಗುವಿಗೆ ಹೇಳುವಂತೆ ಮೆಲ್ಲಗೆ ಏನೋ ಹೇಳಿ ಮತ್ತೆ ಕಾದಳು. ಗುಮಾಸ್ತನ ಗಂಟುಮೋರೆಯ ಮುಂದೆ ಗಂಟೆಗಟ್ಟಲೆ ನಿಂತವಳಿಗೆ ಈ ತಾಳ್ಮೆಯ ಮುಂದೆ ಅರೆನಿಮಿಷ ನಿಲ್ಲಲಾಗಲಿಲ್ಲ. ಪೆಟ್ಟಿಗೆಗಳ ನಡುವೆ ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಹಾಕಿದಳು. ಫೋನಿನ ತಂತಿ ಸೊಂಟಕ್ಕೆ ಸುತ್ತಿಕೊಂಡಿತು. ಕಡೆಗೆ ಗಂಡನ ಹೆಸರು, ಮಾವನ ಹೆಸರು, ವಯಸ್ಸು, ಹಡಗಿನ ಹೆಸರು ಎಲ್ಲ ಒಟ್ಟಿಗೆ ಬಾಯಿಂದ ನುಗ್ಗಿ ಬಂದವು. ಕಲಿತ ಭಾಷೆ ಕೈಕೊಟ್ಟಿತು. "ಇದ್ದಾರೇನಮ್ಮಾ? ಜೀವ ಇದೆಯಾ? ಅದೊಂದು ಹೇಳಮ್ಮಾ!" ಎಂದು ತನ್ನದೇ ಮಾತಿನಲ್ಲಿ ಕೂಗಿದಳು.

ಆ ಕಡೆ ಚಪ್ಪಲಿಯ ಸದ್ದು. ಬಾಗಿಲು ತೆರೆದ ಸದ್ದು. ಆಮೇಲೆ ದೂರದಲ್ಲೆಲ್ಲೋ ನರ್ಸ್ ಗಂಡನ ಹೆಸರು ಹಿಡಿದು ಕರೆದದ್ದು ಕೇಳಿಸಿತು.

"ಯಾರು?" ಎಂದಿತು ಬತ್ತಿದ ಗಂಡು ದನಿ. ಅವಳು ಬಿಕ್ಕಿದ್ದೇ ಗುರುತಾಯಿತೇನೋ. "ಓ, ನೀನಾ. ಆಪರೇಷನ್ ಆಯ್ತು, ಹೆದರ್ಬೇಡ. ಇಲ್ಲಿ ಸೂಪಿಗೆ ಉಪ್ಪೇ ಹಾಕಲ್ಲ ಕಣೇ. ಹೆಂಗ್ ಕುಡಿಯೋದು ಹೇಳು."

ನಾದಿನಿ ಏದುಸಿರು ಬಿಡುತ್ತ ಬಂದಾಗ ಫೋನು ಕೆಳಗಿಟ್ಟಾಗಿತ್ತು. ಅತ್ತಿಗೆ ಯಾರದೋ ಪೆಟ್ಟಿಗೆಯ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ಅಯ್ಯೋ! ಆಗಲ್ಲ ಅಂದ್ರಾ? ಅಣ್ಣ..."

"ಚೆನ್ನಾಗಿದ್ದಾರೆ. ಉಪ್ಪಿಲ್ಲ ಅಂತ ಬೈತಿದ್ರು."

"ಮತ್ತೆ ಅಳ್ತಿರೋದ್ ಯಾಕೆ, ಅತ್ತಿಗೆ?"

ಅವಳು ಕಣ್ಣೊರೆಸಿಕೊಂಡು, ಇನ್ನೂ ನಂಬಿಕೆಯಾಗದವಳಂತೆ ಫೋನಿನ ಕಡೆ ನೋಡಿದಳು.

"ಒಂದೇ ಸಲ ಕೇಳಿದ್ದಕ್ಕೆ ಹೂಂ ಅಂದ್ಬಿಟ್ಲು ಕಣೇ. ಅದಕ್ಕೇನ್ ಹೇಳ್ಬೇಕು ಅಂತ ನಂಗೆ ನಮ್ಮ ಭಾಷೇಲೂ ಗೊತ್ತಿರ್ಲಿಲ್ಲ."