ಭಜನೆಗೆ ನಾಲ್ಕು ಬ್ಯಾಟರಿ

ಗಂಡನ ಕಾರನ್ನು ನನ್ನ ಕಾರ್ ವೈರಿಂಗ್ ಅಂಗಡಿ ಮುಂದೆ ತಂದು ನಿಲ್ಲಿಸಿದ ಆಯಮ್ಮನಿಗೆ ಡಿಕ್ಕಿ ತುಂಬುವಂಥ ಸ್ಪೀಕರು ಬೇಕಿತ್ತು. ಅದಕ್ಕೆ ನಾಲ್ಕು ಬ್ಯಾಟರಿ.

"ನಮ್ಮ ಯಜಮಾನ್ರು ಶನಿವಾರ ಸಂಜೆ ಆಂಜನೇಯನ ಗುಡಿ ಮುಂದೆ ಕಾರ್ ನಿಲ್ಲಿಸಿ ಮೂರು ಗಂಟೆ ಭಜನೆ ಹಾಕ್ತಾರೆ. ದೀಕ್ಷೆ ತಗೊಂಡ್ಮೇಲೆ ಮನೇಲಿ ಈರುಳ್ಳಿ ಕೂಡ ಮುಟ್ಟೋ ಹಾಗಿಲ್ಲ."

ಭಕ್ತರ ಕೆಲಸ ಅಂದರೆ ನನಗೆ ತಲೆನೋವು. ಸೌಂಡ್ ಚೆನ್ನಾಗಿ ಬಂದರೆ ದೇವರ ದಯೆ, ವೈರು ಸುಟ್ಟರೆ ನನ್ನ ತಪ್ಪು.

"ಇಂಜಿನ್ನಿಗೆ ಒಂದು ಬ್ಯಾಟರಿ ಬೇರೆ ಇಡ್ತೀನಮ್ಮ. ಎಲ್ಲಾನೂ ಸೇರಿಸಿ ಕಟ್ಟಿದ್ರೆ ಭಜನೆ ಮುಗಿಯೋ ಹೊತ್ತಿಗೆ ಎಲ್ಲಾ ಖಾಲಿಯಾಗಿ ಗಾಡಿ ಸ್ಟಾರ್ಟೇ ಆಗಲ್ಲ."

"ಇಂಜಿನ್ದೂ ಸೇರಿಸೇ ಕಟ್ಟಿ."

"ಗಾಡಿ ಅಲ್ಲೇ ನಿಂತ್ಬಿಡುತ್ತೆ."

"ನಿಲ್ಲಲಿ. ದೇವರ ಮುಂದೆ ತಾನೇ ನಿಲ್ಲೋದು?"

ವಾದ ಮಾಡಿ ಸಾಕಾಗಿ, ಹೇಳಿದ ಹಾಗೇ ಕಟ್ಟಿಕೊಟ್ಟೆ. ನನ್ನ ಫೋನ್ ನಂಬರನ್ನು ಡ್ಯಾಶ್‌ಬೋರ್ಡಿಗೆ ಆಯಮ್ಮನೇ ಅಂಟಿಸಿದರು. ಇಂಥ ಭಕ್ತಿಯನ್ನು ನಾನು ಪೂಜಾರಿಗಳಲ್ಲೂ ಕಂಡಿರಲಿಲ್ಲ.

ಶನಿವಾರ ರಾತ್ರಿ ಒಂಬತ್ತು ಗಂಟೆಗೆ ಯಜಮಾನರ ಫೋನ್ ಬಂತು.

"ಎಂಥ ವೈರಿಂಗ್ರೀ ನಿಮ್ದು? ಪೂಜಾರಪ್ಪನೂ ಗುಡಿ ಬಾಗಿಲು ಹಾಕ್ಕೊಂಡು ಮನೆಗೆ ಹೋದ. ಈ ಗಾಡಿ ಉಸಿರೇ ಎತ್ತುತ್ತಿಲ್ಲ."

ಬೈದುಕೊಳ್ಳುತ್ತಲೇ ಚಾರ್ಜಾದ ಬ್ಯಾಟರಿಯೊಂದನ್ನು ಸ್ಕೂಟರಿನಲ್ಲಿಟ್ಟುಕೊಂಡೆ. ಇನ್ನೇನು ಹೊರಡಬೇಕು, ಮತ್ತೆ ಫೋನ್. ಈ ಸಲ ಆಯಮ್ಮ.

"ಹೊರಟ್ರಾ?"

"ಹೊರಟೆ ಕಣಮ್ಮ. ಐದೇ ನಿಮಿಷ, ಯಜಮಾನ್ರು ಮನೆ ಸೇರ್ತಾರೆ."

"ಒಂದು ಗಂಟೆ ಬಿಟ್ಟು ಹೋಗಿ. ಕೈಮ ಉಂಡೆ ಇನ್ನೂ ಬೆಂದಿಲ್ಲ."