ಹೆಸರು ಹಿಡಿದು ಕರೆದವನು

ಬೂಟು ಮತ್ತೆ ಕಾಣೆ!

ಟೈಲರಮ್ಮ ಮಂಚದ ಕೆಳಗೆ ಬಗ್ಗಿ ನೋಡಿದಳು. ಬೀರುವಿನ ಹಿಂದೆ ಕೈಯಾಡಿಸಿದಳು. ಚೀಲದಲ್ಲಿ ಉಣ್ಣೆಯ ಟೋಪಿ ಇದೆ, ದಪ್ಪ ಕಾಲುಚೀಲ ಇದೆ, ಬೈಬಲ್ ಇದೆ. ಬೂಟು ಮಾತ್ರ ಇಲ್ಲ. ಬೆಳಗಾದರೆ ಬಸ್ಸು. ಮೊದಲ ಜೊತೆ ನೀರಿನ ತೊಟ್ಟಿಯಲ್ಲಿ ಮುಳುಗಿ ಬಾಯಿಬಿಟ್ಟಿತ್ತು, ಇದು ಎರಡನೆಯದು.

ಯಾರ ಕೆಲಸ ಎಂದು ಯೋಚಿಸುವುದೇ ಬೇಕಿರಲಿಲ್ಲ. ಮನೆಯಲ್ಲಿ ಇರುವುದು ತಾನು, ತಮ್ಮ, ತಮ್ಮನ ಹೆಂಡತಿ. ತಮ್ಮನಂತೂ ಅಲ್ಲ. ಎರಡೂ ಜೊತೆಯನ್ನು ಅಂಗಡಿ ಅಂಗಡಿ ಅಲೆದು ತಂದವನೇ ಅವನು. ಇನ್ನು ಉಳಿದವಳಿಗೆ ಹೊಟ್ಟೆಕಿಚ್ಚು. ಬೇಯಿಸಿ ಬಡಿಸುವ ಬಿಟ್ಟಿ ಆಳು ಕೈತಪ್ಪಿ ಹೋಗುತ್ತಾಳಲ್ಲ!

ಟೈಲರಮ್ಮನ ತಯಾರಿಯೇನೂ ಸಣ್ಣದಲ್ಲ. ಬಟ್ಟೆಯ ಥಾನು ಬೆನ್ನಿಗೆ ಕಟ್ಟಿಕೊಂಡು ದಿನವೂ ಮಹಡಿ ಮೆಟ್ಟಿಲು ಹತ್ತಿ ಇಳಿದಿದ್ದಳು. ಉಪವಾಸ ಮಾಡಿದ್ದಳು. ಸುವಾರ್ತೆ ಸಾರಲು ಹೋಗಬೇಕಾದ ಬೆಟ್ಟದ ಹಳ್ಳಿ ರಸ್ತೆ ಮುಗಿದ ಮೇಲೂ ದಿನಗಟ್ಟಲೆ ನಡೆದರೆ ಸಿಗುವಂಥದ್ದು. ಹಿಮ ಬಿತ್ತೆಂದರೆ ದಾರಿ ಮುಚ್ಚಿಹೋಗಿ ಬೇಸಿಗೆಯವರೆಗೆ ಯಾರೂ ಇಳಿಯುವಂತಿಲ್ಲ. ಅವಳಿಗೋ ಹುಟ್ಟಿನಿಂದ ಉಬ್ಬಸ. “ಆ ಎತ್ತರದಲ್ಲಿ ನಿಮ್ಮ ಎದೆ ತಡೆಯಲ್ಲಮ್ಮ, ಜೀವದ ಮೇಲೆ ಆಸೆ ಇದ್ರೆ ಹೋಗ್ಬೇಡಿ” ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಡಾಕ್ಟರಿಗೇನು ಗೊತ್ತು? ಅವರನ್ನು ದೇವರು ಕರೆದಿರಲಿಲ್ಲ.

ಅವಳನ್ನು ಕರೆದಿದ್ದ. ಮುಂಜಾನೆ ಚರ್ಚಿನ ಬೀಗ ತೆಗೆದು ಬೆಂಚು ಒರೆಸುವುದು ಅವಳ ಪಾಲಿನ ಸೇವೆ. ಅವತ್ತು ಒರೆಸುತ್ತಿದ್ದಾಗ ದನಿ ಬಂತು. ಒಂದು ದಿಕ್ಕಿನಿಂದಲ್ಲ, ನಾಲ್ಕೂ ಗೋಡೆಯಿಂದ, ಬಾವಿಯೊಳಗಿಂದ ಮೊಳಗಿದ ಹಾಗೆ. “ಮೋಟುಜಡೆ, ಏಳು. ಬೆಟ್ಟದ ಜನ ಕಾಯುತ್ತಿದ್ದಾರೆ.”

ಒರೆಸುವ ಬಟ್ಟೆ ಕೈಯಿಂದ ಜಾರಿತು. ಮೋಟುಜಡೆ! ತಲೆ ಬಾಚುವಾಗ ಅಮ್ಮ ಒಬ್ಬಳೇ ಹಾಗೆ ಕರೆಯುತ್ತಿದ್ದದ್ದು. ತಮ್ಮ ಅಂಬೆಗಾಲಿಡುವ ಮೊದಲೇ ಅಮ್ಮ ಹೋದಳು, ಹಿಂದೆಯೇ ಅಪ್ಪ. ಆ ಹೆಸರನ್ನು ಕಿವಿಯಾರೆ ಕೇಳಿದವರೆಲ್ಲ ಮಣ್ಣು ಸೇರಿದ್ದರು. ಅವಳು ಅದನ್ನು ಯಾರೆದುರೂ ಬಾಯಿಬಿಟ್ಟಿರಲಿಲ್ಲ. ಅಳಿದುಳಿದ ಒಂದು ಮುತ್ತು, ತೋರಿಸಿದರೆ ಸವೆದೀತು ಎಂಬ ಭಯ.

ಕಾಯಿಲೆಯವರನ್ನು ಬೆಟ್ಟಕ್ಕೆ ಕಳಿಸುವುದಿಲ್ಲ ಎಂದು ಪಾಸ್ಟರು ಹಟ ಹಿಡಿದಿದ್ದರು. ಆದರೆ ಹೆಸರು ಹಿಡಿದು ಕರೆಸಿಕೊಂಡವರನ್ನು ತಡೆಯಬಾರದು ಎಂಬುದು ಆ ಸಭೆಯ ಹಳೇ ಕಟ್ಟಳೆ.

“ಯಾವ ಹೆಸರು ಹಿಡಿದು ಕರೆದ್ರಮ್ಮ?”

“ಅದು ನನಗೂ ಅವನಿಗೂ ಮಾತ್ರ ಗೊತ್ತಿರೋ ಹೆಸರು, ಪಾಸ್ಟರೇ.”

ಭಾನುವಾರ ಎಲ್ಲರೆದುರು ಸಾಕ್ಷಿ ಹೇಳಲು ನಿಂತಾಗ ತಮ್ಮನೇ ಎದ್ದು ಬಂದು ಮೈಕನ್ನು ಅವಳ ಎತ್ತರಕ್ಕೆ ಇಳಿಸಿಕೊಟ್ಟ. ಮದುವೆ, ಸಭೆ, ಸಾವು, ಈ ಚರ್ಚು ಎಲ್ಲದಕ್ಕೂ ಮೈಕ್‌ಸೆಟ್ ಕಟ್ಟುವವನು. ಜನ ಅವನನ್ನು ‘ಹಲೋ-ಹಲೋ’ ಎಂದೇ ಕರೆಯುತ್ತಿದ್ದದ್ದು. ಆ ಹೆಸರೊಂದನ್ನು ಬಿಟ್ಟು ಎಲ್ಲ ಹೇಳಿ ಅವಳ ಮಾತು ಮುಗಿಯುವಷ್ಟರಲ್ಲಿ ಹಲೋ-ಹಲೋ ಅವಳ ಕಾಲು ಹಿಡಿದು ಗೊಳೋ ಎಂದು ಅತ್ತುಬಿಟ್ಟ. “ಬೇಡ ಅಕ್ಕ! ತಾಯಿ ತಂದೆ ಎಲ್ಲ ನೀನೇ ನನಗೆ. ಆದ್ರೆ ದೇವರೇ ಕರೆದ ಮೇಲೆ ತಡೆಯೋಕೆ ನಾನ್ಯಾರು?” ಸಭೆಗೆ ಸಭೆಯೇ ಕಣ್ಣೊರೆಸಿಕೊಂಡಿತು. ಇಂಥ ತಮ್ಮ ಯಾರಿಗುಂಟು? ಕಳೆದ ಚಳಿಗಾಲ ಅವಳು ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಏನೇನೋ ಬಡಬಡಿಸುತ್ತ ಮಲಗಿದ್ದಾಗ ಹಾಸಿಗೆ ಪಕ್ಕ ಬಿಟ್ಟು ಕದಲಿರಲಿಲ್ಲ, ಪಾಪ. ಅವನಿಗೋಸ್ಕರ ಮದುವೆ ಬೇಡವೆಂದು ಕೂತದ್ದು ಸಾರ್ಥಕ ಎನ್ನಿಸಿ ಅವಳ ಎದೆ ತುಂಬಿ ಬಂತು. ಅಪ್ಪ ತನ್ನ ಹೆಸರಿಗೆ ಬಿಟ್ಟುಹೋದ ಮನೆಯನ್ನು ಮರುದಿನವೇ ಅವನಿಗೆ ಬರೆದುಕೊಟ್ಟಳು. ಬೇಡ ಬೇಡ ಎಂದೇ ತಗೊಂಡ.

ಈಗ ಅಡುಗೆಮನೆಗೆ ನುಗ್ಗಿದಳು. “ಎಲ್ಲೇ ಬೂಟು?”

ತಮ್ಮನ ಹೆಂಡತಿ ಹಿಟ್ಟಿನ ಡಬ್ಬಕ್ಕೆ ಬೆನ್ನು ಕೊಟ್ಟು ನಿಂತಳು. “ಹೋಗ್ಬೇಡಿ ಅತ್ತಿಗೆ. ನಿಮ್ಮ ದಮ್ಮಯ್ಯ.”

“ದೇವರು ಕರೆದಿದ್ದಾನೆ ಕಣೇ!”

“ಕರೆದೋರೆಲ್ಲ ದೇವರಾಗಿಬಿಡ್ತಾರಾ?”

“ನಿನ್ನ ಮೈಯಲ್ಲಿ ಸೈತಾನ ಹೊಕ್ಕಿದ್ದಾನೆ!” ಟೈಲರಮ್ಮ ಅವಳ ಕೆನ್ನೆಗೆ ಬಾರಿಸಿಯೇಬಿಟ್ಟಳು. ಉಸಿರು ಹತ್ತಿ ಎದೆ ಸುಯ್ಯೆಂದಿತು.

ಏಟು ತಿಂದವಳು ಮತ್ತೇನೋ ಹೇಳಲು ಬಾಯಿ ತೆರೆದಳು. ಬಾಗಿಲಲ್ಲಿ ಗಂಡ ನಿಂತಿದ್ದ. ತೆರೆದ ಬಾಯಿ ಹಾಗೇ ಮುಚ್ಚಿತು.

“ಕೊಡೇ ಬೂಟು,” ಎಂದ ಅವನು, ಬೆಣ್ಣೆಯಂಥ ದನಿಯಲ್ಲಿ.

ಅವಳು ಡಬ್ಬದಿಂದ ಬೂಟು ತೆಗೆದು ಸೆರಗಿನಿಂದ ಹಿಟ್ಟು ಒರೆಸಿ ಕೊಟ್ಟಳು. ಗಂಡನ ಮುಖ ನೋಡಲೇ ಇಲ್ಲ. ತಪ್ಪು ಮಾಡಿದವರು ಹೇಗೆ ಮುಖ ನೋಡುತ್ತಾರೆ, ಎಂದುಕೊಂಡಳು ಟೈಲರಮ್ಮ.

ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಸಭೆಯವರೆಲ್ಲ ಬಂದಿದ್ದರು. ಪ್ರಾರ್ಥನೆಯಾಯಿತು, ಹಾಡಾಯಿತು. ಬಸ್ಸು ಗುರುಗುಟ್ಟತೊಡಗಿದಾಗ ತಮ್ಮನ ಹೆಂಡತಿ ಓಡಿಬಂದು ಕಿಟಕಿಯೊಳಗೆ ಕೈ ತೂರಿಸಿದಳು. ಉಬ್ಬಸದ ಪಂಪು. ಮೇಜಿನ ಮೇಲೆ ಟೈಲರಮ್ಮ ಬೇಕೆಂದೇ ಬಿಟ್ಟು ಬಂದದ್ದು.

“ಬೇಡ. ಕರೆದವನು ಉಸಿರನ್ನೂ ಕೊಡ್ತಾನೆ,” ಎಂದು ಟೈಲರಮ್ಮ ಆ ಕೈಯನ್ನು ಆಚೆ ತಳ್ಳಿದಳು.

“ಇಂಥ ವಿಶ್ವಾಸ ಯಾರಿಗಿದೆ ಹೇಳಿ!” ಎಂದು ತಮ್ಮ ಸುತ್ತಲಿದ್ದವರ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಬಸ್ಸು ಕದಲಿತು. ಅವನು ಕಿಟಕಿಯ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿದ. ಅವಳಿಗೆ ಮಾತ್ರ ಕೇಳುವ ಹಾಗೆ ಬಾಗಿದ, ನಕ್ಕ.

“ಹೋಗಿ ಬಾ, ಮೋಟುಜಡೆ.”